ಮಾರ್ಥಮ್ಮನ ತಾಯ್ನುಡಿ

ಹುಬ್ಬಳ್ಳಿಯ ರೈಲು ಸಂಜೆ ಆರಕ್ಕೆ. ಅಲ್ಲಿಯವರೆಗೆ ಇದ್ದುಹೋಗೋಣವೆಂದು ಮಲ್ಲೇಶ್ವರಂನಲ್ಲಿರುವ ಮಾರ್ಥಮ್ಮನ ಮನೆಗೆ ಬಂದೆ. ನನಗೆ ನರ್ಸ್ ಕೆಲಸ ಕಲಿಸಿದವರು ಅವರೇ. ಡೆನ್ಮಾರ್ಕಿನಿಂದ ಮಿಷನ್ ಸೇವೆಗೆಂದು ಬಂದು ಮೂವತ್ತು ವರ್ಷವಾಗಿದೆ.

"ಒಳ್ಳೇ ದಿನ ಬಂದೆ. ನಮ್ಮೂರಿನ ಹುಡುಗಿ ಬಂದಿದಾಳೆ. ನನ್ನ ಭಾಷೆ ಮಾತಾಡಿ ನಾಲ್ಕು ವರ್ಷ ಆಯ್ತು ಕಣೇ" ಎಂದು ಬಾಗಿಲಲ್ಲೇ ಹೇಳಿದರು.

ಆ ಹುಡುಗಿ ಕರೆನ್, ಹಳ್ಳಿ ಆಸ್ಪತ್ರೆಯೊಂದಕ್ಕೆ ಹೊರಟ ಸ್ವಯಂಸೇವಕಿ. ಅವಳಿಗಾಗಿ ಮಾರ್ಥಮ್ಮ ಮಂಚಕ್ಕೆ ಹೊಸ ಹೊದಿಕೆ ಹಾಸಿ, ತಮ್ಮೂರಿನ ಬೆಣ್ಣೆ ಬಿಸ್ಕತ್ತು ಮಾಡಿಟ್ಟಿದ್ದರು.

ಊಟಕ್ಕೆ ಕೂತಾಗ ಇಬ್ಬರೂ ತಮ್ಮ ಭಾಷೆಯಲ್ಲಿ ಮಾತಿಗಿಳಿದರು. ನನಗೊಂದೂ ತಿಳಿಯಲಿಲ್ಲ. ಆದರೆ ಮಾರ್ಥಮ್ಮನ ಮಾತಿನ ಮಧ್ಯೆ "ಆಮೇಲೆ", "ಅಲ್ವಾ", "ಪಾಪ" ಎಂಬ ನಮ್ಮ ಮಾತುಗಳು ಅವರಿಗೇ ಗೊತ್ತಿಲ್ಲದೆ ಬರುತ್ತಿದ್ದವು. ಕರೆನ್ ನಕ್ಕು ಏನೋ ಹೇಳಿದಳು. ಮಾರ್ಥಮ್ಮನೂ ನಕ್ಕರು. ಅದಾದ ಮೇಲೆ ಅವಳೊಡನೆ ಇಂಗ್ಲಿಷಿನಲ್ಲೇ ಮಾತಾಡಿದರು.

ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾ ಕೇಳಿದೆ: "ಏನಂದ್ಳು ಅಮ್ಮ?"

"ನಾನು ಅವಳ ಅಜ್ಜಿ ಥರ ಮಾತಾಡ್ತೀನಂತೆ. ಅಲ್ಲಿ ಈಗ ಯಾರೂ ಹಂಗೆ ಮಾತಾಡಲ್ವಂತೆ." ತಟ್ಟೆ ಒರೆಸಿ ಕೆಳಗಿಟ್ಟರು. "ಒಳ್ಳೇ ಮಗು. ನೋಯಿಸಬೇಕು ಅಂತ ಅಂದಿದ್ದಲ್ಲ."

ಕರೆನ್ ಪ್ರಯಾಣದ ಸುಸ್ತಿಗೆ ಕುರ್ಚಿಯಲ್ಲೇ ನಿದ್ದೆಹೋಗಿದ್ದಳು. ಮಾರ್ಥಮ್ಮ ಅವಳ ತಲೆಯಡಿ ದಿಂಬಿಟ್ಟು ನನ್ನತ್ತ ತಿರುಗಿದರು.

"ನಿನ್ ರೈಲಿಗೆ ಇನ್ನೂ ಹೊತ್ತಿದೆ. ಕೂತ್ಕೋ. ಏನಾದ್ರೂ ಮಾತಾಡು."

"ಏನು ಮಾತಾಡ್ಲಿ ಅಮ್ಮ?"

"ಏನಾದ್ರೂ ಸರಿ."

ನಮ್ಮ ಮನೆಯ ಎಮ್ಮೆ ಕರು ಹಾಕಿದ ಸುದ್ದಿಯಿಂದ ಶುರುಮಾಡಿದೆ.