ಟವೆಲ್ಲಿನ ಕೆಳಗಿನ ಬೆಲೆ

ಇಬ್ಬರು ಗಂಡಸರು ಕೈ ಹಿಡಿದುಕೊಂಡು ನಿಂತಿದ್ದರು. ಕೈಗಳ ಮೇಲೆ ಒಂದು ಟವೆಲ್ಲು. ಮುಖಗಳು ಬೇರೆ ಬೇರೆ ಕಡೆಗೆ. ಮಾತಿಲ್ಲ. ಟವೆಲ್ಲಿನ ಕೆಳಗೆ ಏನೋ ಅಲುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಒಬ್ಬ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಇನ್ನೊಬ್ಬ ಎತ್ತಿನ ಹಗ್ಗ ಹಿಡಿದು ನಡೆದ. ಹಿರೇಕೆರೂರಿನ ದನದ ಸಂತೆಯಲ್ಲಿ ನಾನು ಮೊದಲು ಕಂಡದ್ದು ಇದು. ಸುತ್ತ ಅಷ್ಟು ಜನ ನಿಂತಿದ್ದರೂ ಬೆಲೆ ಎಷ್ಟಾಯಿತೆಂದು ಯಾರಿಗೂ ತಿಳಿಯಲಿಲ್ಲ. ಯಾರೂ ಕೇಳಲೂ ಇಲ್ಲ.

ಮೈಸೂರಿನಲ್ಲಿರುವ ನಿಮಗೆ ಇದನ್ನು ಬರೆಯುವಾಗ ಈಗಲೂ ಮೈ ಜುಂ ಎನ್ನುತ್ತದೆ. ನಮ್ಮಲ್ಲಿ ಹೂವು ಮಾರುವವಳೂ ದರವನ್ನು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಇಲ್ಲಿ ಎತ್ತಿನ ದರ ಬೆರಳಿನಿಂದ ಬೆರಳಿಗೆ ಹೋಗುತ್ತದೆ.

ನಾನು ಬಂದದ್ದು ಮಾಹಿತಿ ವ್ಯವಸ್ಥೆಗಳ ತಾತ್ವಿಕ ಬುನಾದಿಯ ಸಂಶೋಧನೆಗೆ. ಕಂಪ್ಯೂಟರ್ ಕೆಲಸ ಎಂದು ನೀವು ತಿಳಿದಿದ್ದೀರಿ. ನನ್ನ ಪ್ರಶ್ನೆ ಅದಕ್ಕಿಂತ ಹಿಂದಿನದು. ಕಂಪ್ಯೂಟರಿಗೆ ತುಂಬುವ ಮಾಹಿತಿ ಎಂದರೆ ಏನು? ಅದು ಇರುವುದು ವಸ್ತುವಿನಲ್ಲೋ, ಬರೆದ ಅಂಕೆಯಲ್ಲೋ, ಜನರ ನಡುವಿನ ಒಪ್ಪಂದದಲ್ಲೋ? ಯಾರು ನೋಡಿದರೂ ಒಂದೇ ಆಗಿ ಕಾಣುವುದೇ ಮಾಹಿತಿ ಎಂದು ಮೊದಲ ಅಧ್ಯಾಯದಲ್ಲಿ ಬರೆದಿದ್ದೆ. ಅದಕ್ಕೆ ಸಂತೆಯ ದರಗಳ ಉದಾಹರಣೆ ತಾ ಎಂದು ಮಾರ್ಗದರ್ಶಕರು ಕಳಿಸಿದ್ದರು.

ಸಂತೆಗೆ ಹತ್ತಿರದ ಚಿಕ್ಕೇರೂರಿನಲ್ಲಿ ಗೌರವ್ವನ ಮನೆಯ ಮುಂದಿನ ಖೋಲಿ, ಅಂದರೆ ಕೋಣೆ, ಬಾಡಿಗೆಗೆ ಸಿಕ್ಕಿತು. ಮೊದಮೊದಲು ಅನ್ನಕ್ಕಾಗಿ ಹಂಬಲಿಸಿದೆ; ಆಮೇಲೆ ಬಿಸಿ ರೊಟ್ಟಿ, ಪುಂಡಿ ಪಲ್ಯದ ಹುಳಿ ನಾಲಗೆಗೆ ಹತ್ತಿತು. ಸಂಜೆಗಳು ಮಾತ್ರ ಕಷ್ಟ. ಎಲ್ಲ ಮನೆಗಳಿಂದಲೂ ಮಾತು ಕೇಳುತ್ತಿತ್ತು, ನನ್ನೊಡನೆ ಆಡುವವರಿರಲಿಲ್ಲ.

ಹೀಗಿರುವಾಗ ಗೌರವ್ವನ ಜೋಡಿ ಎತ್ತಿನಲ್ಲಿ ಒಂದು ಸತ್ತಿತು. ಬಿತ್ತನೆ ಹತ್ತಿರ ಬಂದಿತ್ತು. ಒಂಟಿ ಎತ್ತಿಗೆ ಬೀಜ ಬಿತ್ತುವ ಕೂರಿಗೆ ಎಳೆಯಲಾಗದು. ಸಂತೆಗೆ ಹೋಗಬೇಕಾದ ಗಂಡ ಬಸಣ್ಣನ ಬಲಗೈಗೆ ಪ್ಲಾಸ್ಟರ್ ಹಾಕಿದ್ದರು.

“ನನ್ನ ಕೈ ಐತಲ್ಲ,” ಎಂದಳು ಗೌರವ್ವ.

“ಟವೆಲ್ ಕೆಳಗ ಹೆಣ್ಮಕ್ಕಳ ಕೈ ಎಲ್ಲೆರ ಕಂಡೀಯೇನ?”

“ಕಾಣಬಾರದಂತನ ಅಲ್ರೀ ಟವೆಲ್ ಹಾಕೂದು.”

ಬಸಣ್ಣ ನಕ್ಕು ಸೋತ. ಅಭ್ಯಾಸಕ್ಕೆ ಎದುರು ಕೂರಲು ಗೌರವ್ವ ನನ್ನನ್ನು ಕರೆದಳು. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ನೂರೋ ಸಾವಿರವೋ ಎಂದು ಹಿಡಿತ ಹೇಳುವುದಿಲ್ಲ. ಎತ್ತನ್ನು ನೋಡಿದವರಿಗೆ ಅದು ಗೊತ್ತಿರುತ್ತದೆ.

“ಮೆತ್ತಗ ಹಿಡೀರಿ ಮೇಡಮ್ಮಾರ, ಪರೀಕ್ಷಾ ಬರಿಯಾಕತ್ತಿಲ್ಲ ನೀವು,” ಎನ್ನುತ್ತಿದ್ದ ಬಸಣ್ಣ. ಕೊನೆಗೊಂದು ಸಂಜೆ ತಪ್ಪಿಲ್ಲದೆ ಹಿಡಿದೆ. ಆ ಊರಿನಲ್ಲಿ ನಾನು ಪೂರ್ತಿ ಕಲಿತ ಮೊದಲ ಭಾಷೆ ಅದು.

ಸಂತೆಯಲ್ಲಿ ಗೌರವ್ವ ಒಂದು ಎತ್ತಿನ ಹಲ್ಲು ನೋಡಿದಳು, ನಡೆಸಿ ನೋಡಿದಳು, ಕೈ ಚಾಚಿದಳು. ಮಾರಲು ಬಂದಿದ್ದ ಮುದುಕ ಹಿಂದೆ ಸರಿದ.

“ಯವ್ವಾ, ಮನ್ಯಾಗ ಗಂಡಸರಿಲ್ಲೇನು?”

“ಅದಾರ್ರಿ, ಕೈ ಮುರ್ಕೊಂಡು ಕುಂತಾರ. ನೀವೇನು ಎತ್ತು ಮಾರಾಕ ಬಂದೀರೋ, ಲಗ್ನದ ಮಾತಾಡಾಕ ಬಂದೀರೋ?”

ಸುತ್ತಲಿನವರು ನಕ್ಕರು. ಮುದುಕನೂ ನಕ್ಕು ಹೆಗಲ ಟವೆಲ್ಲನ್ನು ಕೈಗಳ ಮೇಲೆ ಹೊದಿಸಿದ.

ನಾನು ಒಂದು ಮಾರು ದೂರದಲ್ಲಿದ್ದೆ. ಸಂಕೇತಗಳೆಲ್ಲ ಗೊತ್ತಿದ್ದವು. ಟವೆಲ್ಲು ಉಬ್ಬಿದ್ದು ಕಂಡೆ, ಮುದುಕ ತಲೆ ಅಲ್ಲಾಡಿಸಿದ್ದು ಕಂಡೆ, ಗೌರವ್ವ ಕೈ ಕಿತ್ತುಕೊಂಡು ಹೊರಟು ಮತ್ತೆ ಬಂದದ್ದು ಕಂಡೆ. ಆಮೇಲೆ ಹಗ್ಗ ಅವಳ ಕೈಗೆ ಬಂತು. ಎಲ್ಲವನ್ನೂ ನೋಡಿದ್ದೆ, ಬೆಲೆ ತಿಳಿಯಲಿಲ್ಲ. ನನ್ನ ಮೊದಲ ಅಧ್ಯಾಯ ಅಲ್ಲೇ ಸೆಗಣಿಯ ಪಕ್ಕ ಕುಸಿಯಿತು, ನನಗೆ ಕುಣಿಯಬೇಕೆನಿಸಿತು. ಮಾಹಿತಿ ಅಲ್ಲಿತ್ತು, ಚೂರೂ ಕೊರತೆಯಿಲ್ಲದೆ ಇತ್ತು, ಆದರೆ ಕೈ ಹಿಡಿದ ಇಬ್ಬರ ನಡುವೆ ಮಾತ್ರ. ನೋಡುವವರಿಗೆ ಅದು ಇಲ್ಲವೇ ಇಲ್ಲ.

ಎತ್ತಿನೊಡನೆ ಬಾಡಿಗೆ ಗಾಡಿಯಲ್ಲಿ ಮರಳುವಾಗ, “ಎಷ್ಟಕ್ಕಾಯ್ತು ಅಕ್ಕಾ?” ಎಂದೆ. ಗೌರವ್ವ ಚಾಲಕನತ್ತ ಕಣ್ಣು ಹಾಯಿಸಿ, ಸೆರಗನ್ನು ನನ್ನ ಕೈ ಮೇಲೆ ಎಳೆದಳು. ಒಂದೊಂದಾಗಿ ಬೆರಳು ಹಿಡಿದಳು.

“ತಿಳೀತಿಲ್ಲೋ?”

“ತಿಳೀತ್ರಿ.”

“ಇಲ್ಲೇ ಇರ್ಲಿ ಮತ್ತ.”

ಮರುದಿನ ಮಾರ್ಗದರ್ಶಕರ ಫೋನು. “ದರ ಎಷ್ಟಮ್ಮ?”

“ಗೊತ್ತು ಸಾರ್. ಹೇಳೋಕಾಗಲ್ಲ.”

“ಹಾಗಾದ್ರೆ ನೀನೀಗ ಯಾವ ಊರವಳು?”

ಅವರು ತಮಾಷೆಗೆ ಕೇಳಿದ್ದು. ಅಧ್ಯಾಯವನ್ನು ಈಗ ಹೊಸದಾಗಿ ಬರೆಯುತ್ತಿದ್ದೇನೆ, ನಿಮ್ಮಂಥವರು ಓದಲೆಂದೇ. ಕಿಟಕಿಯ ಆಚೆ ಜೋಡಿ ಎತ್ತು ಮೆಲುಕು ಹಾಕುತ್ತಿವೆ. ಬಲಗೈಯಲ್ಲಿ ಪೆನ್ನಿದೆ. ಅದೇ ಬೆರಳುಗಳಲ್ಲಿ ನಿಮಗೆ ಹೇಳಲಾರದ ಬೆಲೆಯೂ ಇದೆ.