ಪ್ರಫುಲ್ಲಕ್ಕ ಹೇಳಿದ ಒಂದು ಸುಳ್ಳು

ವಿದ್ಯಾನಗರದ ಡಾಕ್ಟರ್ ಉದಯಶಂಕರರ ಹಲ್ಲಿನ ಕ್ಲಿನಿಕ್ಕಿನಲ್ಲಿ ಪ್ರಫುಲ್ಲಕ್ಕನಿಗೆ ಸಂಬಳ ಬರುತ್ತಿದ್ದದ್ದು ಚೀಟಿ ಕೊಡುವುದಕ್ಕೆ, ಸಲಕರಣೆ ತೊಳೆಯುವುದಕ್ಕೆ. ನಿಜವಾದ ಕೆಲಸ ಬೇರೆಯೇ ಇತ್ತು. ಕುರ್ಚಿ ಕಂಡೊಡನೆ ಬಾಯಿಗೆ ಬೀಗ ಹಾಕುವ ಮಕ್ಕಳನ್ನು ಹದಿನಾಲ್ಕು ವರ್ಷಗಳಿಂದ ಸಮಾಧಾನ ಮಾಡುತ್ತಿದ್ದವಳು ಅವಳೇ. ಅದಕ್ಕೆ ಅವಳಲ್ಲಿದ್ದ ಮದ್ದು ಒಂದೇ, ಸುಳ್ಳು ಹೇಳದಿರುವುದು.

"ಸ್ವಲ್ಪ ನೋವಾಗ್ತದೆ. ತಡೆಯದಿದ್ರೆ ಎಡಗೈ ಎತ್ತು, ಡಾಕ್ಟ್ರು ನಿಲ್ಲಿಸ್ತಾರೆ. ಬಲಗೈ ನನಗೆ ಕೊಡು."

ಕೈ ಎತ್ತಿದ ಮೇಲೆ ಡಾಕ್ಟರು ನಿಲ್ಲಿಸಲೇಬೇಕು. ಒಮ್ಮೆ ನಿಲ್ಲಿಸದಿದ್ದಕ್ಕೆ ಅವರನ್ನೇ ಗದರಿಸಿದ್ದಳು. ಆ ಬೆವರಿದ ಪುಟ್ಟ ಕೈಗಳನ್ನು ಬಿಟ್ಟರೆ ಪ್ರಫುಲ್ಲಕ್ಕನ ಕೈ ಹಿಡಿಯುವವರು ಯಾರೂ ಇರಲಿಲ್ಲ. ಗಂಡ ಮದುವೆಯಾದ ಮೂರನೆಯ ವರ್ಷವೇ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಒಬ್ಬಳಿಗೆಂದು ಅನ್ನಕ್ಕಿಡಲು ಬೇಸರವಾಗಿ ಎಷ್ಟೋ ದಿನ ಬಾಡಿಗೆ ಕೋಣೆಯಲ್ಲಿ ಅವಲಕ್ಕಿ ತಿಂದು ಮಲಗುತ್ತಿದ್ದಳು.

2016ರ ಒಂದು ಶನಿವಾರ ಅಡೂರಿನಿಂದ ಆರು ವರ್ಷದ ಯಶ್ಮಿತಾಳನ್ನು ತಾಯಿ ಕರೆತಂದಳು. ಮಧೂರು ಗಣಪತಿ ದೇವಸ್ಥಾನದ ಸಿಹಿ ಅಪ್ಪದ ಪ್ರಸಾದ ತಿನ್ನಲು ಹೋಗುವುದೆಂದು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿ ಬಸ್ಸು ಹತ್ತಿಸಿ, ವಿದ್ಯಾನಗರದಲ್ಲಿ ಇಳಿಸಿದ್ದಳು. ಹುಳುಕು ಹಲ್ಲಿಗಾಗಿ ದೇವರನ್ನೂ ಎಳೆದು ತರುವ ತಾಯಂದಿರಿಗೇನು ಬರಗಾಲವೆ? ಮಗು ತುಟಿ ಬಿಗಿದು ಕುಳಿತಿತ್ತು.

ಪ್ರಫುಲ್ಲಕ್ಕ ಅದರೆದುರು ಕುಕ್ಕುರುಗಾಲಲ್ಲಿ ಕೂತಳು. "ಇದು ಮಧೂರಲ್ಲ ಮಗಾ. ಎರಡು ಹಲ್ಲು ಹಾಳಾಗಿ ಉಂಟು. ಇವತ್ತು ಒಂದು, ಬರುವ ಶನಿವಾರ ಒಂದು ತೆಗೀಬೇಕು. ನಾನು ಸುಳ್ಳು ಹೇಳುವುದಿಲ್ಲ."

ಮಗು ಯೋಚಿಸಿತು. "ನಿಮ್ಮ ಮಕ್ಕಳದ್ದೂ ತೆಗ್ದಿದ್ದಾರಾ?"

"ಹೂಂ, ಇಬ್ಬರದ್ದೂ."

ಹೇಗೆ ಬಾಯಿಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಡಾಕ್ಟರು ತಲೆಯೆತ್ತಿ ನೋಡಿದರು. ಯಶ್ಮಿತಾ ಬಲಗೈ ಕೊಟ್ಟಳು, ಅತ್ತಳು, ಎಡಗೈ ಎತ್ತಲಿಲ್ಲ.

ಆ ವಾರ ಪ್ರಫುಲ್ಲಕ್ಕ ದಿನಾ ಅನ್ನ ಮಾಡಿದಳು. ಇಲ್ಲದ ಆ ಇಬ್ಬರಿಗೆ ಮನಸ್ಸಿನಲ್ಲೇ ಹೆಸರನ್ನೂ ಇಟ್ಟು, ಆಮೇಲೆ ತನಗೆ ತಾನೇ ನಾಚಿಕೊಂಡಳು.

ಮರು ಶನಿವಾರ ಯಶ್ಮಿತಾ ಬಾಳೆಯೆಲೆಯ ಪೊಟ್ಟಣ ಹಿಡಿದು ಬಂದಳು. "ಇವತ್ತು ಮೊದಲು ಮಧೂರಿಗೇ ಹೋದದ್ದು. ಒಂದು ಅಪ್ಪ ನಿಮಗೆ, ಎರಡು ನಿಮ್ಮ ಮಕ್ಕಳಿಗೆ."

ಡಾಕ್ಟರು ತೊಳೆದ ಕೈಯನ್ನೇ ಮತ್ತೆ ತೊಳೆಯಲು ಹೋದರು. ಸುಮ್ಮನೆ ತೆಗೆದುಕೊಂಡರೆ ಮುಗಿಯಿತು, ಮಗು ಈಗಲೇ ಬಾಯಿ ತೆರೆಯುತ್ತದೆ. ನಿಜ ಹೇಳಿದರೆ ಇನ್ನು ಯಾರನ್ನೂ ನಂಬಲಿಕ್ಕಿಲ್ಲ. ಆದರೆ ಮೋಸ ಮಾಡಿ ಆ ಕೈ ಹಿಡಿಯಲು ಪ್ರಫುಲ್ಲಕ್ಕನಿಗೆ ಮನಸ್ಸು ಬರಲಿಲ್ಲ.

"ನನಗೆ ಮಕ್ಕಳಿಲ್ಲ ಮಗಾ. ಅವತ್ತು ಸುಳ್ಳು ಹೇಳಿದೆ."

"ಎಂತಕ್ಕೆ?"

"ಇದ್ದಿದ್ರೆ ಒಳ್ಳೇದಿತ್ತು ಅಂತ ಆಯ್ತು."

ಮಗು ಪೊಟ್ಟಣವನ್ನು ಅವಳ ಕೈಯಲ್ಲಿಟ್ಟಿತು. "ಹಾಗಾದ್ರೆ ಮೂರೂ ನೀವೇ ತಿನ್ನಿ" ಎಂದು ಕುರ್ಚಿ ಹತ್ತಿ ಬಲಗೈ ಚಾಚಿತು.

ಸಂಜೆ ಕೋಣೆಯಲ್ಲಿ ಪ್ರಫುಲ್ಲಕ್ಕ ಪೊಟ್ಟಣ ಬಿಚ್ಚಿದಳು. ಒಂದು ತಿಂದಳು, ಇನ್ನೊಂದು ತಿಂದಳು. ಮೂರನೆಯದನ್ನು ಕಚ್ಚುವಾಗ ಕಣ್ಣು ತುಂಬಿ ಬಂತು. ಎಡಗೈ ಎತ್ತಿದರೆ ನಿಲ್ಲಿಸುವವರು ಅಲ್ಲಿ ಯಾರೂ ಇರಲಿಲ್ಲ.