ಹುಣಸೆಮರದಿಂದ ಹದಿನೇಳು ಹೆಜ್ಜೆ

ಬೇಗೂರಿನ ದೇವಸ್ಥಾನದ ಸುತ್ತ ವೀರಗಲ್ಲುಗಳಿವೆ. ಕತ್ತಿ ಹಿಡಿದವರು, ಬಿಲ್ಲು ಹಿಡಿದವರು, ಆನೆಯ ಮೇಲೆ ಕೂತವರು ಎಲ್ಲರೂ ಇದ್ದಾರೆ. ವಾಲ್ವ್ ತಿರುಗಿಸುವ ಕೀಲಿ ಹಿಡಿದವರು ಮಾತ್ರ ಒಬ್ಬರೂ ಇಲ್ಲ. ಆ ಶಿಲ್ಪಿಗಳು ಆತುರಪಟ್ಟರು ಎಂದೇ ಹೇಳಬೇಕು. ಇನ್ನೊಂದು ಸಾವಿರ ವರ್ಷ ತಡೆದಿದ್ದರೆ ಅಲ್ಲಿಂದ ಎರಡೇ ಕಿಲೋಮೀಟರ್ ದೂರದ ಕೆಳಗಿನಪಾಳ್ಯದಲ್ಲಿ ಅವರಿಗೆ ಕಾಡಪ್ಪ ಸಿಗುತ್ತಿದ್ದ.

ಕಾಡಪ್ಪ ನಮ್ಮ ಬಡಾವಣೆಗೆ ನೀರು ಬಿಡುವವನು. ವಯಸ್ಸು ಐವತ್ತೆಂಟು. ಅವನ ಎತ್ತರ ಐದಡಿ ಎರಡಂಗುಲ, ಅವನ ಕಬ್ಬಿಣದ ಕೀಲಿಯ ಎತ್ತರ ನಾಲ್ಕಡಿ. ಹಳೆಯ ಮೊಪೆಡ್ಡಿನ ಮೇಲೆ ಆ ಕೀಲಿಯನ್ನು ಅಡ್ಡ ಇಟ್ಟುಕೊಂಡು ಅವನು ಬೀದಿಗಿಳಿದರೆ ಎದುರಿನ ಕಾರುಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಗೌರವಕ್ಕಲ್ಲ, ಬಣ್ಣ ಕೆರೆದುಹೋದೀತೆಂಬ ಭಯಕ್ಕೆ. ಆದರೂ ಕಾಡಪ್ಪ ಅದನ್ನು ಗೌರವದ ಖಾತೆಗೇ ಸೇರಿಸಿಕೊಳ್ಳುತ್ತಾನೆ.

ಅವನ ಅಜ್ಜ ಈ ಊರಿನ ನೀರಗಂಟಿ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದವನು. ಅಪ್ಪನೂ ಅದನ್ನೇ ಮಾಡಿದ. ಅಪ್ಪನ ಕಾಲ ಮುಗಿಯುವ ಹೊತ್ತಿಗೆ ಗದ್ದೆಗಳು ಸೈಟುಗಳಾದವು, ಸೈಟುಗಳು ಮನೆಗಳಾದವು, ಆಮೇಲೆ ಮನೆಗಳೇ ಒಂದರ ಮೇಲೊಂದು ಹತ್ತಿ ಕೂತವು. ಕೆರೆ ಈಗಲೂ ಇದೆ, ತಂತಿಬೇಲಿಯೊಳಗೆ, ನೋಡುವುದಕ್ಕೆ. ಕುಡಿಯುವ ನೀರು ದೂರದ ಕಾವೇರಿಯಿಂದ ಕೊಳವೆಯಲ್ಲಿ ಬರತೊಡಗಿದಾಗ ಅದನ್ನು ಬೀದಿಬೀದಿಗೆ ಸರದಿಯಂತೆ ಹಂಚಲು ಕಾಡಪ್ಪನೇ ಬೇಕಾದ. ತೂಬು ಹೋಗಿ ವಾಲ್ವ್ ಬಂತು, ಬಯ್ಯುವವರು ಮಾತ್ರ ಬದಲಾಗಲಿಲ್ಲ ಎನ್ನುವುದು ಅವನ ಇತಿಹಾಸಜ್ಞಾನದ ಸಾರ.

ಕೆಳಗಿನಪಾಳ್ಯದ ನೆಲದಡಿಯಲ್ಲಿ ನಲವತ್ತೆರಡು ವಾಲ್ವ್‌ಗಳಿವೆ. ಅವು ಎಲ್ಲೆಲ್ಲಿವೆ ಎಂಬುದು ಯಾವ ನಕ್ಷೆಯಲ್ಲೂ ಸರಿಯಾಗಿಲ್ಲ, ಕಾಡಪ್ಪನ ತಲೆಯಲ್ಲಿದೆ. ತೊಂದರೆ ಏನೆಂದರೆ ಅವನ ತಲೆಯೊಳಗಿನ ಊರೇ ಬೇರೆ. ರಾಗಿ ಗಿರಣಿಯ ಬಾಗಿಲಿನಿಂದ ಒಂಬತ್ತು ಹೆಜ್ಜೆಗೆ ಒಂದು ವಾಲ್ವ್. ಗಿರಣಿಯಿದ್ದ ಜಾಗದಲ್ಲಿ ಈಗ ಜನ ಹಣ ಕೊಟ್ಟು ಬೆವರುವ ಜಿಮ್ ಇದೆ. ಭಜನೆಮನೆಯ ಮೂಲೆಗೆ ಇನ್ನೊಂದು. ಅಲ್ಲಿ ಈಗ ನಾಯಿಗಳ ಕೂದಲು ಕತ್ತರಿಸುತ್ತಾರೆ. ಊಟ ತಲುಪಿಸುವ ಹುಡುಗರು ದಾರಿ ಕೇಳಿದರೆ ಕಾಡಪ್ಪ, ಗಿರಣಿ ಹತ್ತಿರ ಎಡಕ್ಕೆ ತಿರುಗಿ ಎನ್ನುತ್ತಾನೆ. ಗಿರಣಿ ಹುಡುಕುತ್ತ ಒಬ್ಬ ಎಲೆಕ್ಟ್ರಾನಿಕ್ ಸಿಟಿ ತಲುಪಿದನೆಂದೂ ಅಷ್ಟರಲ್ಲಿ ಬಿರಿಯಾನಿ ಆರಿಹೋಗಿತ್ತೆಂದೂ ಪ್ರತೀತಿ.

ನೀರಿನ ಕಚೇರಿಗೆ ಬಂದ ಇಂಜಿನಿಯರುಗಳೆಲ್ಲ ಆ ನಲವತ್ತೆರಡರ ಪಟ್ಟಿ ಬರೆದುಕೊಡು ಎಂದು ಕೇಳಿದವರೇ. ಪ್ರತಿಸಲವೂ ಕಾಡಪ್ಪ ಕನ್ನಡಕ ಮನೆಯಲ್ಲಿ ಮರೆತು ಬಂದಿರುತ್ತಿದ್ದ. ಪಟ್ಟಿ ಕೈಬಿಟ್ಟ ದಿನ ತಾನು ಬರಿಯ ಕೀಲಿ ಹೊರುವ ಆಳು ಎಂಬುದು ಅವನಿಗೆ ಗೊತ್ತಿತ್ತು. ಅದರಲ್ಲೂ ಹೊರಗಿನವರ ಕೈಗೆ ಸಿಗಬಾರದು. ಅವನ ಪ್ರಕಾರ ಹುಣಸೆಮರವನ್ನು ಕಣ್ಣಾರೆ ಕಾಣದವರೆಲ್ಲ ಹೊರಗಿನವರು.

ಕಾಂಕ್ರೀಟ್ ರಸ್ತೆಗಳು ಶುರುವಾದ ಮೇಲೆ ಅವನ ನೆಮ್ಮದಿ ಕೆಟ್ಟಿತು. ಒಂದೊಂದು ಸಲ ರಸ್ತೆ ಮಾಡಿದಾಗಲೂ ನೆಲ ಅರ್ಧ ಅಡಿ ಮೇಲೇಳುತ್ತದೆ. ವಾಲ್ವಿನ ಮುಚ್ಚಳವನ್ನು ಅಷ್ಟೇ ಎತ್ತರಿಸದಿದ್ದರೆ ಅದು ಒಳಗೇ ಸಮಾಧಿ. ಹೀಗಾಗಿ ಕಾಡಪ್ಪ ದಿನಕ್ಕೆ ಮೂರು ಸಲ ಊರು ಸುತ್ತುತ್ತಿದ್ದ, ಎಣಿಸುತ್ತಿದ್ದ. ಮದುವೆಮನೆಗೆ ಹೋದರೂ ಬಾಗಿಲಿನಿಂದ ಊಟದ ಹಾಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿಕೊಂಡೇ ಎಲೆಯ ಮುಂದೆ ಕೂರುತ್ತಿದ್ದ. ಮಂಚದಿಂದ ಬಚ್ಚಲಿಗೆ ಆರು ಹೆಜ್ಜೆ ಎಂದು ನಿದ್ದೆಯಲ್ಲೂ ಹೇಳುತ್ತಾನೆಂದು ಹೆಂಡತಿ ಯಮುನಾ ಬೀದಿಗೆಲ್ಲ ಸಾರಿದ್ದಳು.

ಇಷ್ಟು ಕಾವಲಿದ್ದವನು ಒಮ್ಮೆ ಮೂರು ದಿನ ಊರು ಬಿಟ್ಟ. ಫೆಬ್ರವರಿಯಲ್ಲಿ, ಜಿಗಣಿಯಲ್ಲಿರುವ ಮಗಳ ಸೀಮಂತಕ್ಕೆ. ಮಹಾರಾಜ್ಯಗಳೆಲ್ಲ ಇಂಥ ಹೊತ್ತಿನಲ್ಲೇ ಬೀಳುವುದು. ವಾಪಸು ಬಂದಾಗ ಹುಣಸೆಮರ ಇರಲಿಲ್ಲ. ಅದರ ನೆರಳಲ್ಲಿ ಐವತ್ತು ವರ್ಷ ಕಡಲೆಕಾಯಿ ಮಾರಿದ್ದ ರಾಮಮ್ಮನ ಕಲ್ಲುಕಟ್ಟೆ ಇರಲಿಲ್ಲ. ಆ ತುದಿಯಿಂದ ಈ ತುದಿಗೆ ಬೆಳ್ಳಗೆ, ನುಣ್ಣಗೆ, ಆಗತಾನೇ ಬೋಳಿಸಿದ ತಲೆಯಂಥ ರಸ್ತೆ ಮಲಗಿತ್ತು. ಅದರಡಿಯಲ್ಲಿ ಎಲ್ಲೋ ಇಪ್ಪತ್ತಮೂರನೆಯ ವಾಲ್ವ್, ಅಂದರೆ ಕೆಳಗಿನ ಬೀದಿಯ ಎಪ್ಪತ್ತು ಮನೆಗಳ ತಾಯಿವಾಲ್ವ್, ಮುಚ್ಚಿಹೋಗಿತ್ತು. ಅದರ ವಿಳಾಸ: ಹುಣಸೆಮರದಿಂದ ಹದಿನೇಳು ಹೆಜ್ಜೆ, ರಾಮಮ್ಮನ ಕಟ್ಟೆಯ ಕಡೆಗೆ.

ಕಾಡಪ್ಪ ಯಾರಿಗೂ ಹೇಳಲಿಲ್ಲ. ಹೇಳಿದರೆ ಮೂರು ತಲೆಮಾರಿನ ಮಾನ ಹೋಗುತ್ತದೆ. ವಾಲ್ವ್ ತೆರೆದೇ ಇದ್ದದ್ದರಿಂದ ಮೇಲಿನ ಟ್ಯಾಂಕಿನಿಂದ ನೀರು ಬಂದಾಗಲೆಲ್ಲ ಕೆಳಗಿನ ಬೀದಿಗೂ ಹರಿಯಿತು. ಮೊದಲು ವಾರಕ್ಕೆರಡು ಸಲ ಬರುತ್ತಿದ್ದದ್ದು ದಿನ ಬಿಟ್ಟು ದಿನ ಬರತೊಡಗಿತು. ಅಲ್ಲಿ ಬಾಡಿಗೆ ಕೋಣೆಗಳಲ್ಲಿರುವವರು ಹೆಚ್ಚಾಗಿ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ, ಫ್ಯಾಕ್ಟರಿ ಕೆಲಸಕ್ಕೆ ಬಂದವರು. ಅವರು ಕಾಡಪ್ಪನನ್ನು ಧರ್ಮಾತ್ಮ ಎಂದರು. ಸುರಪುರದ ಕಡೆಯ ಬಸಕ್ಕ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಕಾಡಪ್ಪ ತಿಂದ. ರುಚಿಯಾಗಿತ್ತು, ತನಗೆ ಸಲ್ಲದ್ದೆಂದು ಗೊತ್ತಿತ್ತು, ಆದರೂ ಎರಡು ತಿಂದ.

ಎಂಟನೆಯ ವಾರ ಕೆಳಗಿನ ಬೀದಿಯ ನೀರು ನಾರತೊಡಗಿತು. ಒಂದೇ ವಾರದಲ್ಲಿ ಒಂಬತ್ತು ಮಕ್ಕಳಿಗೆ ವಾಂತಿಭೇದಿ. ಬಸಕ್ಕನ ಮೂರು ವರ್ಷದ ಮಗಳು ಭಾಗ್ಯಶ್ರೀ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದಳು. ಇಂಜಿನಿಯರ್ ಬಂದು ನೋಡಿದರು: ಒಳಚರಂಡಿ ಒಡೆದು ಕುಡಿಯುವ ನೀರಿನ ಕೊಳವೆಗೆ ಸೇರುತ್ತಿದೆ. ಸರಿಮಾಡುವುದು ಒಂದು ದಿನದ ಕೆಲಸ, ಆದರೆ ಮೊದಲು ಈ ಬೀದಿಯ ನೀರು ನಿಲ್ಲಬೇಕು. ಮೇಲಿನ ಟ್ಯಾಂಕಿನಲ್ಲೇ ನಿಲ್ಲಿಸಿದರೆ ಐದು ಬಡಾವಣೆಗೆ ನೀರಿಲ್ಲ. ಆದ್ದರಿಂದ ನಿನ್ನ ತಾಯಿವಾಲ್ವ್ ಮುಚ್ಚು ಎಂದರು. ನಾಳೆ ಬೆಳಿಗ್ಗೆ ಮುಚ್ಚುತ್ತೇನೆ ಎಂದು ಕಾಡಪ್ಪ ಹೇಳಿದ. ಆ ಸಂಜೆ ಅವನು ಬೆಳ್ಳನೆಯ ರಸ್ತೆಯ ಮೇಲೆ ಎಷ್ಟು ಸಲ ಓಡಾಡಿದನೆಂದರೆ, ವಾಕಿಂಗ್ ಶುರುಮಾಡಿದ್ದೀರಾ, ಒಳ್ಳೆಯದು ಎಂದು ಅಪಾರ್ಟ್‌ಮೆಂಟಿನವರು ಅಭಿನಂದಿಸಿದರು.

ಬೆಳಿಗ್ಗೆ ಎಂಟಕ್ಕೆ ಮಹಾಸಭೆ ಸೇರಿತು. ಮುಚ್ಚಳ ರಸ್ತೆಯಡಿ ಹೋಗಿದೆ, ಹುಣಸೆಮರದ ಜಾಗ ಗೊತ್ತಾದರೆ ತೋರಿಸುತ್ತೇನೆ ಎಂದಷ್ಟೇ ಕಾಡಪ್ಪ ಹೇಳಿದ್ದ. ಕಚೇರಿಯವರು ಲೋಹ ಪತ್ತೆ ಮಾಡುವ ಯಂತ್ರ ತಂದಿದ್ದರು. ರಸ್ತೆಯೊಳಗೆಲ್ಲ ಕಬ್ಬಿಣದ ಸರಳು ಇದ್ದದ್ದರಿಂದ ಅದು ಇಟ್ಟಲ್ಲೆಲ್ಲ ಕಿರುಚಿತು. ಹಾಗಾದರೆ ರಸ್ತೆಯನ್ನೇ ಉದ್ದಕ್ಕೂ ಅಗೆಯಬೇಕೆಂದರೆ, ಹೊಸ ರಸ್ತೆ, ಅನುಮತಿಗೆ ಹದಿನೈದು ದಿನ. ಒಂದೇ ಕಡೆ ಒಡೆಯಲು ಇಂಜಿನಿಯರರ ಒಪ್ಪಿಗೆ ಸಾಕು, ಆದರೆ ಜಾಗ ಗೊತ್ತಾಗಬೇಕು; ಉಳಿದ ಗುರುತು ಹುಣಸೆಮರವೊಂದೇ.

ಆಗ ಕೆಳಗಿನಪಾಳ್ಯದ ಹಳಬರೆಲ್ಲ ಕಣಕ್ಕಿಳಿದರು. ಮರ ಹಾಲಿನ ಬೂತಿನ ಎದುರಿತ್ತು ಎಂದು ಒಬ್ಬರು. ಇಲ್ಲ, ಬಸ್ಸು ಅದನ್ನು ದಾಟಿ ನಿಲ್ಲುತ್ತಿತ್ತು, ತಾನು ದಿನಾ ಓಡಿ ಹತ್ತುತ್ತಿದ್ದೆ ಎಂದು ಇನ್ನೊಬ್ಬರು. ಬಸ್ಸು ನಿಲ್ಲುತ್ತಲೇ ಇರಲಿಲ್ಲ ಎಂದು ಮೂರನೆಯವರು. ತಾವು ಹೆಂಡತಿಯನ್ನು ಮೊದಲು ನೋಡಿದ್ದು ಆ ಮರದಡಿಯಲ್ಲೇ ಎಂದು ಒಬ್ಬರು ಜಾಗ ತೋರಿಸಿದರು. ಹೆಂಡತಿ ಬೇರೆಯೇ ಜಾಗ ತೋರಿಸಿದರು. ದಾವಣಗೆರೆ ಕಡೆಯ ನಿವೇದಿತಾ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಫೋನಿನಲ್ಲಿ ಆಕಾಶದಿಂದ ತೆಗೆದ ಹಳೆಯ ಚಿತ್ರ ತೆರೆದು ಒಂದು ಹಸಿರು ಚುಕ್ಕೆ ತೋರಿಸಿದಳು. ದೊಡ್ಡದು ಮಾಡಿ ನೋಡಿದರೆ ಅದು ಟಾರ್ಪಾಲು ಹೊದಿಸಿದ ಲಾರಿ.

ಕೊನೆಗೆ ರಾಮಮ್ಮನನ್ನು ಕರೆತಂದರು. ಆಕೆ ರಸ್ತೆಯ ನಡುವೆ ನಿಂತು ಸುತ್ತ ನೋಡಿದಳು. ನಾಲ್ಕು ಕಡೆಯೂ ಐದಂತಸ್ತಿನ ಗೋಡೆಗಳು.

"ಕೂತ್ರೆ ಎದುರ್ಗೆ ಕೆರೆ ಕಾಣ್ತಿತ್ತು ಕಣಪ್ಪ," ಎಂದಳು. "ಈಗ ಎಲ್ ಕೂತ್ರೂ ಕಾಣಲ್ಲ. ನಾನೆಲ್ಲಿ ಕೂತಿದ್ದೆ ಅಂತ ನಂಗೇ ತಿಳೀತಿಲ್ಲ."

ಕಾಡಪ್ಪ ಅಷ್ಟರಲ್ಲಿ ಜನ ತೋರಿಸಿದ ಐದು ಹುಣಸೆಮರಗಳಿಂದ ಹದಿನೇಳು ಹದಿನೇಳು ಹೆಜ್ಜೆ ನಡೆದು ಐದು ಕಡೆ ಸೀಮೆಸುಣ್ಣದ ಗುರುತು ಹಾಕಿದ್ದ. ಒಂದು ಗುರುತು ಯಾರದೋ ಕಾರಿನ ಬಾನೆಟ್ಟಿನ ಮೇಲೆ ಬಿದ್ದಿತ್ತು. ಇಂಜಿನಿಯರ್ ಗಡಿಯಾರ ನೋಡಿದರು; ಹನ್ನೆರಡರೊಳಗೆ ತೋರಿಸದಿದ್ದರೆ ಈ ಬಡಾವಣೆಯ ಕೀಲಿಯನ್ನು ನಾಳೆಯಿಂದ ಬೇರೆಯವರಿಗೆ ಕೊಡುವುದಾಗಿ ಮೆಲ್ಲಗೇ ಹೇಳಿದರು. ಕಾಡಪ್ಪ ಕೀಲಿಯನ್ನು ರಸ್ತೆಯ ಮೇಲೆ ಮಲಗಿಸಿದ. ಅವನ ಕೀಲಿ ನೆಲದ ಮೇಲೆ ಮಲಗಿದ್ದನ್ನು ನಾವು ನೋಡಿದ್ದು ಅದೇ ಮೊದಲು.

"ಎಲ್ಲೈತೋ ನಂಗೊತ್ತಿಲ್ಲ ಸಾರ್," ಎಂದ. "ಎಂಟು ವಾರದಿಂದ್ಲೂ ಗೊತ್ತಿಲ್ಲ."

ಗುಂಪಿನಲ್ಲಿ ಒಂದು ಗುಜುಗುಜು ಎದ್ದಿತು. ಹಿಂದಿನಿಂದ ಬಸಕ್ಕನ ಗಂಡ ಭೀಮಪ್ಪ ಮುಂದೆ ಬಂದ. ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದು ಆಗತಾನೇ ಬಂದಿದ್ದ, ಕಣ್ಣು ಕೆಂಪಾಗಿದ್ದವು. ಅವನು ಗಾರೆ ಕೆಲಸದವನು, ಕಾಂಕ್ರೀಟ್ ತಂಡದವನು.

"ಸಾಹೇಬ್ರ, ಕಬ್ಬಿಣದ ಮುಚ್ಚಳ ಏನ್ರಿ ಅದು? ದುಂಡಂದು?" ಎಂದ. "ಅದರ ಮ್ಯಾಲ ಕಾಂಕ್ರೀಟ್ ಹಾಕಿದಂವ ನಾನ ಅದೀನ್ರಿ."

ರಸ್ತೆ ಹಾಕಿದ ದಿನ ಮುಚ್ಚಳ ಕಂಡು ಮೇಸ್ತ್ರಿಗೆ ಹೇಳಿದ್ದನಂತೆ. ಫೋನಿನ ಕೇಬಲ್ಲಿನದು, ಹಾಕು ಎಂದನಂತೆ ಮೇಸ್ತ್ರಿ. ಒಳಗೆ ಸಿಮೆಂಟು ಇಳಿಯಬಾರದೆಂದು ಭೀಮಪ್ಪ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಹಾಕಿದ್ದ. ತನ್ನ ಮನೆಯ ನೀರು ಅದರಡಿಯಿಂದ ಬರುತ್ತದೆಂದು ಅವನಿಗೆ ಹೇಳಿದವರಾರು? ಜಾಗ ನೆನಪಿದ್ದದ್ದು ಬೇರೆ ಕಾರಣಕ್ಕೆ. ಚೌಕ ಚೌಕವಾಗಿ ಹಾಕಿದ್ದ ಕಾಂಕ್ರೀಟಿನಲ್ಲಿ ಆ ಚೌಕ ಇನ್ನೂ ಹಸಿಯಿರುವಾಗ ಬೀದಿನಾಯಿಯೊಂದು ದಾಟಿ ಹೋಗಿತ್ತು, ಅದಕ್ಕೆ ಮೇಸ್ತ್ರಿ ಅವನಿಗೆ ಎಲ್ಲರ ಮುಂದೆ ಬೈದಿದ್ದ. ಬೈಸಿಕೊಂಡ ಜಾಗ ಮರೆಯುವುದಿಲ್ಲ. ಭೀಮಪ್ಪ ಮೋರಿಯಿಂದ ಆರು ಚೌಕ ಎಣಿಸಿ ನಿಂತ. ಕಾಲ ಬಳಿ ನಾಯಿಯ ನಾಲ್ಕು ಹೆಜ್ಜೆ ಅಚ್ಚೊತ್ತಿದ್ದವು. ಬೆಳಿಗ್ಗೆಯಿಂದ ಇಡೀ ಕೆಳಗಿನಪಾಳ್ಯ ಅದನ್ನೇ ತುಳಿದುಕೊಂಡು ಹುಣಸೆಮರ ಹುಡುಕಿತ್ತು.

ಜನ ಈಗ ಭೀಮಪ್ಪನ ಮೇಲೆ ತಿರುಗಿದರು. ಹೊರಗಿನವರು ಬಂದು ಊರು ಹಾಳುಮಾಡಿದರು ಎಂದು ಯಾರೋ ಶುರುಮಾಡಿದರು. ಮಾತು ಕಾಡಪ್ಪನದೇ, ಹಿಂದೆ ಸಾವಿರ ಸಲ ಆಡಿದ್ದು. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಅವನಿಗೆ ಹಿತವಾಗಲಿಲ್ಲ.

"ಅವನ್ಗೆ ಯಾಕ್ರಪ್ಪಾ ಬೈತೀರಾ?" ಎಂದ. "ಅವನು ಹೇಳ್ದಂಗೆ ಕೆಲಸ ಮಾಡ್ದ. ನಾನು ಮಾನಕ್ಕೆ ಅಂಜ್ಕಂಡು ಎಂಟು ವಾರ ಬಾಯಿ ಬಿಡ್ಲಿಲ್ಲ. ಮಗು ಮಲಗಿರೋದು ಅವನ್ದು."

ಒಡೆಯುವ ಯಂತ್ರ ಭೀಮಪ್ಪನೇ ಹಿಡಿದ. ಮುಕ್ಕಾಲು ಗಂಟೆಯಲ್ಲಿ ಪ್ಲಾಸ್ಟಿಕ್ ಹಾಳೆ ಕಂಡಿತು, ಅದರಡಿ ಮುಚ್ಚಳ, ಅದರಡಿ ಒಂದು ಕಣ ಸಿಮೆಂಟೂ ಬೀಳದ ವಾಲ್ವ್. ಕಾಡಪ್ಪ ಕೀಲಿ ಇಳಿಸಿ ತಿರುಗಿಸಿದ, ಅಲುಗಲಿಲ್ಲ. ಭೀಮಪ್ಪ ಇನ್ನೊಂದು ಕಡೆ ಹಿಡಿದ. ಇಬ್ಬರೂ ಗಾಣದೆತ್ತುಗಳಂತೆ ಸುತ್ತಿದರು. ಹನ್ನೊಂದೂವರೆಗೆ ನೀರು ನಿಂತಿತು. ಮರುದಿನ ಸಂಜೆಗೆ ಕೊಳವೆ ರಿಪೇರಿಯಾಯಿತು. ನಾಲ್ಕನೆಯ ದಿನ ಭಾಗ್ಯಶ್ರೀ ಮನೆಗೆ ಬಂದಳು, ಬಂದವಳೇ ಗಂಜಿ ಬೇಡ, ಕುರ್ಕುರೆ ಬೇಕು ಎಂದು ರಂಪ ಮಾಡಿದಳು.

ಇಂಜಿನಿಯರ್ ಕೀಲಿ ಕಿತ್ತುಕೊಳ್ಳಲಿಲ್ಲ, ಪಟ್ಟಿ ಕೇಳಿದರು. ಈ ಸಲ ಕಾಡಪ್ಪನ ಕನ್ನಡಕ ಜೇಬಿನಲ್ಲೇ ಇತ್ತು. ಭಾನುವಾರ ಅವನು ನಿವೇದಿತಾಳನ್ನೂ ಭೀಮಪ್ಪನನ್ನೂ ಕರೆದುಕೊಂಡು ಊರು ಸುತ್ತಿದ. ಅವನು ತೋರಿಸಿದ, ಅವಳು ಫೋನಿನಲ್ಲಿ ಗುರುತು ಹಾಕಿದಳು, ಭೀಮಪ್ಪ ಬಣ್ಣ ಬಳಿದ. ಮುಗಿದಾಗ ಮೂವತ್ತೊಂದು ಸಿಕ್ಕಿದ್ದವು; ದಿನಾ ತಿರುಗಿಸುವ ಅಗತ್ಯವಿಲ್ಲದ ಕೆಲವು ಹಳೆಯ ರಸ್ತೆಗಳಡಿ ಎಂದೋ ಹೋಗಿದ್ದವು. ಉಳಿದ ಹನ್ನೊಂದು ಎಲ್ಲಿ ಎಂದು ನಿವೇದಿತಾ ಕೇಳಿದ್ದಕ್ಕೆ, ಅವು ಊರಲ್ಲೇ ಅವೆ ಮೇಡಂ, ಊರು ಎಲ್ಲೋಗೈತೆ ನೋಡ್ಬೇಕು ಎಂದ. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲವೆಂದು ಯಮುನಾ ಹೇಳಿದಳು.

ಸೋಮವಾರ ಬೆಳಿಗ್ಗೆ ಮೇಲಿನ ಬೀದಿಗೆ ಕಾಂಕ್ರೀಟ್ ಲಾರಿ ಬಂತು. ಹಂಡೆಯಂಥ ಹೊಟ್ಟೆಯನ್ನು ತಿರುಗಿಸುತ್ತ ಮೂಲೆಗೆ ಬಂದು ನೋಡಿದರೆ ರಸ್ತೆಯ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಡಿ ಒಂಬತ್ತನೆಯ ವಾಲ್ವಿನ ಮುಚ್ಚಳ, ಕುರ್ಚಿಯ ಮೇಲೆ ಕಾಡಪ್ಪ. ಮೇಸ್ತ್ರಿ ಗದರಿದ, ಬೇಡಿಕೊಂಡ, ಲಾರಿಯೊಳಗಿನ ಮಾಲು ಗಟ್ಟಿಯಾಗುತ್ತದೆ ಎಂದು ಅಂಗಲಾಚಿದ. ಮುಚ್ಚಳ ಎತ್ತರಿಸುವವರೆಗೆ ಕುರ್ಚಿ ಅಲುಗುವುದಿಲ್ಲ ಎಂದು ಕಾಡಪ್ಪ ಹೇಳಿ ಕಳಿಸಿದ, ಎದುರಿಗೇ ಇದ್ದವನಿಗೆ, ಭೀಮಪ್ಪನ ಮೂಲಕ. ಅರ್ಧ ಗಂಟೆಯ ಮೇಲೆ ಮೇಸ್ತ್ರಿ ಸೋತು ಇಟ್ಟಿಗೆ ತರಿಸಿದ. ಭೀಮಪ್ಪ ಎರಡು ವರಸೆ ಕಟ್ಟಿ ಮುಚ್ಚಳ ಕೂರಿಸಿದ. ಕಾಡಪ್ಪ ಬಗ್ಗಿ ಹೊಸ ರಸ್ತೆಯ ಮಟ್ಟಕ್ಕೆ ಎಳೆದಿದ್ದ ದಾರದ ಪಕ್ಕ ಬೆರಳಿಟ್ಟು ಅಳೆದ.

"ಇನ್ನೊಂದಿಂಚು ಏರ್ಸು ಭೀಮಣ್ಣ," ಎಂದ, ಮತ್ತೆ ಕುರ್ಚಿ ಎಳೆದುಕೊಂಡ.